ಚಾವಿಯ ಲಿಂಗ: ಪೋರ್ಚುಗೀಸಿನ ಲಿಂಗ, ವಚನ ಹಾಗೂ ಹಿರಿದು–ಕಿರಿದು ರೂಪಗಳನ್ನು ಕನ್ನಡಿಗರಿಗೆ ಕಲಿಸುವ ಬಗೆ

ಗದಗ ಜಿಲ್ಲೆಯ ರೋಣ–ಗಜೇಂದ್ರಗಡ ಸೀಮೆಯಲ್ಲಿರುವ ಇಟಗಿಯಲ್ಲಿ ಬೀಗ ತೆಗೆಯುವುದು ಚಾವಿಯಿಂದ, ತಿಂಗಳ ದುಡಿಮೆಗೆ ದೊರೆಯುವುದು ಪಗಾರ, ಸಂತೆಯಲ್ಲಿ ತೂಗುವುದು ಬಟಾಟಿ ಮತ್ತು ಪೇರಲ. ಹರಾಜನ್ನು ಲಿಲಾವು ಎನ್ನುವವರೂ ಈ ಭಾಗದಲ್ಲಿದ್ದಾರೆ. (ನಾವು ಹೇಳುತ್ತಿರುವುದು ಭೀಮಾಂಬಿಕೆಯ ಇಟಗಿಯನ್ನು, ಮಹಾದೇವ ದೇವಾಲಯವಿರುವ ಕೊಪ್ಪಳ ಜಿಲ್ಲೆಯ ಇಟಗಿಯನ್ನಲ್ಲ.) ಈ ಐದು ಪದಗಳ ಮೂಲವೂ ಪೋರ್ಚುಗೀಸ್: ಶಾವೆ, ಪಗಾರ್, ಬತಾತಾ, ಪೇರಾ, ಲೈಲಾಂವ್. ಇವು ಗೋವೆಯಿಂದ ಹೊರಟು ಕೊಂಕಣಿ, ಮರಾಠಿಗಳ ಮೂಲಕ ಉತ್ತರ ಕರ್ನಾಟಕವನ್ನು ತಲುಪಿದವು. ಮೇಜು, ಸಾಬೂನುಗಳನ್ನು ನಾವು ಈ ಪಟ್ಟಿಗೆ ಸೇರಿಸಿಲ್ಲ. ಅವು ಫಾರಸಿ ಅಥವಾ ಅರಬ್ಬಿಯಿಂದ ಬಂದಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

ಪೋರ್ಚುಗೀಸಿನಲ್ಲಿ ಶಾವೆ, ಬತಾತಾ, ಪೇರಾಗಳು ಸ್ತ್ರೀಲಿಂಗ, ಲೈಲಾಂವ್ ಪುಲ್ಲಿಂಗ. ಪಗಾರ್ ಮೂಲದಲ್ಲಿ ನಾಮಪದವೇ ಅಲ್ಲ, 'ಹಣ ಕೊಡು' ಎಂಬ ಅರ್ಥದ ಧಾತುರೂಪ. ಇಟಗಿಯ ಮಾತಿನಲ್ಲಿ ಇವೆಲ್ಲವೂ ನಪುಂಸಕ. ಚಾವಿ ಕಳೆದರೆ 'ಕಳೀತು' ಎನ್ನುತ್ತೇವೆ. 'ಕಳೆದಳು' ಎಂಬ ಆಲೋಚನೆಯೇ ಯಾರಿಗೂ ಬರುವುದಿಲ್ಲ. ಇದೇ ಕನ್ನಡಿಗನೊಬ್ಬ ಪೋರ್ಚುಗೀಸ್ ಕಲಿಯಲು ಕುಳಿತಾಗ ಆ ಕೈಬಿಟ್ಟ ಲಿಂಗವನ್ನು ಮರಳಿ ಕೂಡಿಸಿಕೊಳ್ಳುವುದನ್ನು ಹೇಗೆ ಕಲಿಸಬೇಕು ಎಂಬುದು ಈ ಲೇಖನದ ಪ್ರಶ್ನೆ.

ಪ್ರಶ್ನೆ ಕೇವಲ ಬೋಧನಕ್ರಮದ್ದಲ್ಲ. ವಿಜಯನಗರವನ್ನು ಕಣ್ಣಾರೆ ಕಂಡ ಡೊಮಿಂಗೊ ಪಾಯೆಸ್ ಮತ್ತು ಅಲ್ಲಿನ ಅರಸರ ಚರಿತ್ರೆ ಬರೆದ ಫೆರ್ನಾಂವ್ ನೂನಿಜ್ ಇಬ್ಬರ ಬರಹಗಳೂ ಪೋರ್ಚುಗೀಸಿನಲ್ಲಿವೆ. ಅವನ್ನು ಡೇವಿಡ್ ಲೋಪೆಸ್ 1897ರಲ್ಲಿ ಮೂಲದಲ್ಲಿ ಅಚ್ಚು ಹಾಕಿಸಿದರು. ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿಗೆ ತಂದರು. ಕೆಳದಿ, ಸೋದೆ ಅರಸರೊಡನೆ ಗೋವೆಯ ಆಡಳಿತ ನಡೆಸಿದ ವ್ಯವಹಾರಗಳ ದಾಖಲೆಗಳ ಭಾಷೆಯೂ ಅದೇ. ಕನ್ನಡ ನಾಡಿನ ಇತಿಹಾಸಕಾರರು ಇವನ್ನು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕವೇ ಓದುತ್ತ ಬಂದಿದ್ದಾರೆ. ಮೂಲವನ್ನೇ ಓದಬೇಕೆನ್ನುವ ವಿದ್ಯಾರ್ಥಿಯ ಕೈಗೆ ಸಿಕ್ಕುವ ಪಠ್ಯಪುಸ್ತಕವೂ ಇಂಗ್ಲಿಷ್ ಮಾತಾಡುವವರಿಗಾಗಿ ರಚಿತವಾದದ್ದು. 'ನಿಮ್ಮ ಭಾಷೆಯ ನಾಮಪದಗಳಿಗೆ ಲಿಂಗವಿಲ್ಲ, ಈ ಭಾಷೆಯಲ್ಲಿ ಇದೆ' ಎಂಬಲ್ಲಿಂದ ಅದು ಆರಂಭವಾಗುತ್ತದೆ. ಕನ್ನಡಿಗನ ತೊಡಕು ಬೇರೆ. ಅವನಿಗೆ ಲಿಂಗವೆಂಬುದು ಹೊಸದಲ್ಲ. ಶಾಲೆಯಲ್ಲಿ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗಗಳನ್ನು ಬಾಯಿಪಾಠ ಮಾಡಿಯೇ ಬಂದಿರುತ್ತಾನೆ. ಹೆಸರು ಅದೇ ಆಗಿದ್ದು ಒಳಗಿನ ವಸ್ತು ಬೇರೆಯಾಗಿರುವುದೇ ಅವನ ಕಷ್ಟ.

ಅರ್ಥದ ಲಿಂಗ, ಪದದ ಲಿಂಗ

ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಗಂಡಸರು, ಗಂಡು ದೇವತೆಗಳು ಪುಲ್ಲಿಂಗ, ಹೆಂಗಸರು, ಹೆಣ್ಣು ದೇವತೆಗಳು ಸ್ತ್ರೀಲಿಂಗ, ಉಳಿದದ್ದು ನಪುಂಸಕ. ಸೂರ್ಯ, ಚಂದ್ರರು ಪುಲ್ಲಿಂಗವಾದದ್ದೂ ದೇವತೆಗಳೆಂಬ ಅರ್ಥದಿಂದಲೇ. ಪೋರ್ಚುಗೀಸಿನ ಸೂರ್ಯನೂ ಪುಲ್ಲಿಂಗ, ಆದರೆ ಚಂದ್ರ (ಲೂವಾ) ಸ್ತ್ರೀಲಿಂಗ. ಇದಕ್ಕೆ ಅರ್ಥದಲ್ಲಿ ಕಾರಣ ಹುಡುಕಿ ಫಲವಿಲ್ಲ. ಅಲ್ಲಿ ಲಿಂಗವು ವಸ್ತುವಿನ ಗುಣವಲ್ಲ, ಪದದ ಗುಣ.

ಈ ಭೇದವನ್ನು ಕನ್ನಡಿಗರಿಗೆ ಮನಗಾಣಿಸಲು ಎರಡು ಹಾದಿಗಳು ನಮ್ಮಲ್ಲಿಯೇ ಇವೆ. ಮೊದಲನೆಯದು ಸಂಸ್ಕೃತ. ಸಂಸ್ಕೃತದಲ್ಲಿ ವೃಕ್ಷ ಪುಲ್ಲಿಂಗ, ನದಿ ಸ್ತ್ರೀಲಿಂಗ; 'ಹೆಂಡತಿ' ಎಂಬ ಅರ್ಥದ ದಾರ ಶಬ್ದ ಪುಲ್ಲಿಂಗ, ಅದೂ ನಿತ್ಯ ಬಹುವಚನ. ಕನ್ನಡಕ್ಕೆ ಬಂದೊಡನೆ ವೃಕ್ಷ ಬಿದ್ದಿತು, ನದಿ ಹರಿಯಿತು. 13ನೆಯ ಶತಮಾನದ ಕೇಶಿರಾಜನು ಸಂಸ್ಕೃತ ವ್ಯಾಕರಣದ ಚೌಕಟ್ಟನ್ನು ಬಹಳವಾಗಿ ಬಳಸಿಕೊಂಡವನಾದರೂ ಕನ್ನಡ ಸಾಲ ತಂದ ಪದಗಳ ಲಿಂಗ ಸಂಸ್ಕೃತದಂತೆ ನಡೆಯಲಿಲ್ಲ. ಚಾವಿ, ಬಟಾಟಿಗಳಿಗೆ ಇಟಗಿಯಲ್ಲಿ ಆದದ್ದು ನದಿ, ವೃಕ್ಷಗಳಿಗೆ ಶತಮಾನಗಳಷ್ಟು ಮುಂಚೆಯೇ ಆಗಿತ್ತು. ಮರಾಠಿ ಹೀಗೆ ಮಾಡಲಿಲ್ಲ: ಅದು ಚಾವಿಯನ್ನು ಸ್ತ್ರೀಲಿಂಗವಾಗಿಯೇ ಇಟ್ಟುಕೊಂಡಿತು, ಆದರೆ ಬಟಾಟಾವನ್ನು ಪುಲ್ಲಿಂಗ ಮಾಡಿತು. ಮೂಲದ ಬತಾತಾ ಸ್ತ್ರೀಲಿಂಗವಲ್ಲವೇ! ಮರಾಠಿಯಲ್ಲಿ ಆಕಾರಾಂತ ಪದಗಳು ಸಾಮಾನ್ಯವಾಗಿ ಪುಲ್ಲಿಂಗ, ಪೋರ್ಚುಗೀಸಿನಲ್ಲಿ ಸ್ತ್ರೀಲಿಂಗ. ಒಂದೇ ಗಡ್ಡೆ, ಒಂದೇ ಸದ್ದು, ಮೂರು ಭಾಷೆಗಳಲ್ಲಿ ಮೂರು ಲಿಂಗ. ಲಿಂಗ ಪದದ್ದೇ ಹೊರತು ಗಡ್ಡೆಯದ್ದಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಮರಾಠಿ ಬಲ್ಲ ಗಡಿಭಾಗದ ಕಲಿಯುವವರಿಗೆ ಇದು ಇನ್ನೂ ಸುಲಭ.

ಎರಡನೆಯ ಹಾದಿ ಕೂಸು. ಅಳುವುದು ಗಂಡಾಗಲಿ ಹೆಣ್ಣಾಗಲಿ 'ಕೂಸು ಅಳತೈತಿ' ಎನ್ನುತ್ತೇವೆ. ಇಲ್ಲಿ ಕನ್ನಡವೂ ಅರ್ಥವನ್ನು ಬಿಟ್ಟು ಪದವನ್ನು ಹಿಡಿದಿದೆ. ಪೋರ್ಚುಗೀಸಿನಲ್ಲಿ ಕೂಸಿಗಿರುವ ಕ್ರಿಯಾಂಸಾ ಎಂಬ ಪದ ಗಂಡುಮಗುವಿಗೂ ಸ್ತ್ರೀಲಿಂಗದಲ್ಲೇ ನಡೆಯುತ್ತದೆ. 'ವ್ಯಕ್ತಿ' ಎಂಬರ್ಥದ ಪೆಸೋವಾ ಕೂಡ ಹಾಗೆಯೇ. ಲಿಂಗದ ಮೊದಲ ಪಾಠ 'ಹುಡುಗ–ಹುಡುಗಿ' ಜೋಡಿಯಿಂದ ಆರಂಭವಾಗಬಾರದು ಎಂಬುದು ನಮ್ಮ ಅಭಿಪ್ರಾಯ. ಆ ಜೋಡಿಯಲ್ಲಿ ಎರಡು ಭಾಷೆಗಳೂ ಒಂದೇ ರೀತಿ ವರ್ತಿಸುವುದರಿಂದ ಕಲಿಯುವವನು ತನ್ನ ಹಳೆಯ ನಂಬಿಕೆಯನ್ನೇ ಗಟ್ಟಿ ಮಾಡಿಕೊಳ್ಳುತ್ತಾನೆ. ಕೂಸಿನಿಂದ ಆರಂಭಿಸಿದರೆ ಆ ನಂಬಿಕೆ ಮೊದಲ ದಿನವೇ ಸಡಿಲಗೊಳ್ಳುತ್ತದೆ.

ಲಿಂಗ ಕಾಣುವ ಜಾಗ

ಕನ್ನಡದ ಲಿಂಗ ಎದ್ದು ಕಾಣುವುದು ಕ್ರಿಯಾಪದದಲ್ಲಿ: ಬಂದನು, ಬಂದಳು, ಬಂದಿತು. ಪೋರ್ಚುಗೀಸಿನ ಕ್ರಿಯಾಪದ ಇದರ ಗೊಡವೆಗೇ ಹೋಗುವುದಿಲ್ಲ. ಅವನಿಗೂ ಅವಳಿಗೂ ಒಂದೇ ರೂಪ. ಅಲ್ಲಿ ಲಿಂಗ ಕಾಣುವುದು ನಾಮಪದದ ಹಿಂದೆ ಮುಂದೆ, ಅಂದರೆ ಉಪಪದದಲ್ಲಿ ಮತ್ತು ವಿಶೇಷಣದಲ್ಲಿ. ಕನ್ನಡದಲ್ಲಿ ವಿಶೇಷಣ ಅಲುಗಾಡುವುದಿಲ್ಲ: ಹೊಸ ಮನೆ, ಹೊಸ ಮನೆಗಳು, ಹೊಸ ಮಾಸ್ತರ. ಹೀಗಾಗಿ ಇಟಗಿಯ ವಿದ್ಯಾರ್ಥಿ ಕಣ್ಣಿಟ್ಟು ಕಾಯುವ ಜಾಗದಲ್ಲಿ ಪೋರ್ಚುಗೀಸ್ ಏನನ್ನೂ ತೋರಿಸುವುದಿಲ್ಲ; ಅದು ತೋರಿಸುವ ಕಡೆ ಅವನು ನೋಡುವುದಿಲ್ಲ.

ಇದಕ್ಕೂ ಪರಿಹಾರ ಕನ್ನಡದೊಳಗೇ ಇದೆ. ನಮ್ಮ ವಿಶೇಷಣ ನಾಮದ ಹಿಂದೆ ನಿಂತಾಗ ಬದಲಾಗುವುದಿಲ್ಲ ನಿಜ, ಆದರೆ ಅದೇ ಮಾತು ನಾಮದ ಬಳಿಕ ಬಂದರೆ ಬದಲಾಗಲೇಬೇಕು: ಮಾಸ್ತರ ಹೊಸಬ, ಮನೆ ಹೊಸದು, ಮನೆಗಳು ಹೊಸವು. ಪೋರ್ಚುಗೀಸಿನ ವಿಶೇಷಣ ಬಹುಪಾಲು ನಾಮದ ಬಳಿಕವೇ ಬರುತ್ತದೆ: ಕಾಜ಼ಾ ನೋವಾ, ಕಾಜ಼ಾಸ್ ನೋವಾಸ್. ಇದನ್ನು 'ಹೊಸ ಮನೆ' ಎಂದು ಅನುವಾದಿಸಿ ಕಲಿಸುವುದರ ಬದಲು 'ಮನೆ, ಹೊಸದು. ಮನೆಗಳು, ಹೊಸವು' ಎಂದು ಓದಿಸಿದರೆ ಹೊಂದಾಣಿಕೆಯ ಅಭ್ಯಾಸ ತಾನಾಗಿ ಮೂಡುತ್ತದೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ. ಎನ್. ಶಂಕರ ಭಟ್ಟರು ವಾದಿಸಿದರು; ಬೇರೆ ಭಾಷೆಯನ್ನು ಕಲಿಸುವಾಗಲೂ ಆ ವಾದ ಪ್ರಯೋಜನಕ್ಕೆ ಬರುತ್ತದೆ.

ಸಂಖ್ಯಾವಾಚಕಗಳದೂ ಇಂಥದೇ ಕತೆ. ಒಬ್ಬ, ಒಬ್ಬಳು, ಒಂದು ಎಂದು ಬೇರ್ಪಡಿಸುವವರಿಗೆ ಪೋರ್ಚುಗೀಸಿನ ಉಂ (ಪುಲ್ಲಿಂಗ), ಉಮಾ (ಸ್ತ್ರೀಲಿಂಗ) ಅಚ್ಚರಿಯಾಗಬೇಕಿಲ್ಲ. ಎರಡಕ್ಕೂ ಅಲ್ಲಿ ದೋಯ್ಸ್, ದುವಾಸ್ ಎಂಬ ಎರಡು ರೂಪಗಳಿವೆ. ಆದರೆ ಕನ್ನಡದ 'ಒಂದು'ವಿಗೆ ಅಲ್ಲಿ ಮೂರನೆಯ ಮನೆಯಿಲ್ಲ. ಕಲ್ಲು, ನೀರು, ನಾಯಿ ಎಲ್ಲವೂ ಒಬ್ಬ ಅಥವಾ ಒಬ್ಬಳ ಪಂಕ್ತಿಯಲ್ಲೇ ಕೂರಬೇಕು. ಇನ್ನೊಂದು ಎಚ್ಚರಿಕೆ: ಸ್ತ್ರೀಲಿಂಗದ ಉಪಪದ 'ಆ' ನಮ್ಮ 'ಆ ಚಾವಿ'ಯ ಆಕಾರದಂತೆಯೇ ಕೇಳಿಸುತ್ತದೆ. ನೆನಪಿಗೆ ಇದು ಅನುಕೂಲ. ಆದರೆ ನಮ್ಮ 'ಆ' ಎಲ್ಲಕ್ಕೂ ಹೊಂದುವುದರಿಂದ 'ಆ ಲೈಲಾಂವ್' ಎಂಬ ತಪ್ಪಿಗೂ ಅದೇ ದಾರಿ ಮಾಡಿಕೊಡುತ್ತದೆ. ಲೈಲಾಂವ್‌ಗೆ ಬೇಕಾದದ್ದು ಪುಲ್ಲಿಂಗದ 'ಓ'.

ವಚನ

ಬಹುವಚನದ ಬಗೆಗೆ ಸಾಮಾನ್ಯ ನಿಯಮ ಸರಳ: ಸ್ವರಾಂತಕ್ಕೆ ಸಕಾರ ಸೇರಿಸಿದರೆ ಸಾಕು. ಕಷ್ಟವಿರುವುದು ರೂಪದಲ್ಲಲ್ಲ, ಬಳಸಬೇಕೆಂಬ ಒತ್ತಾಯದಲ್ಲಿ. ಇಟಗಿಯ ಸಂತೆಯಲ್ಲಿ 'ನಾಕು ಬಟಾಟಿ ಕೊಡು' ಎಂದರೆ ಪೂರ್ಣ ವಾಕ್ಯ. ನಾಲ್ಕು ಎಂದಮೇಲೆ 'ಗಳು' ಹೇಳುವುದು ಹೆಚ್ಚಿನ ಮಾತು. ಪೋರ್ಚುಗೀಸಿನಲ್ಲಿ ಅದು ಹೆಚ್ಚಿನದಲ್ಲ, ಕಡ್ಡಾಯ. ಮನುಷ್ಯರ ವಿಷಯದಲ್ಲಿ ಮಾತ್ರ ಕನ್ನಡವೂ ಕಟ್ಟುನಿಟ್ಟು: 'ಇಬ್ಬರು ಹುಡುಗರು' ಎನ್ನಬೇಕು. ಆದ್ದರಿಂದ ಬತಾತಾಗಳನ್ನೂ ಮನುಷ್ಯರಂತೆ ಎಣಿಸಲು ಹೇಳಿಕೊಡುವುದು ನೆರವಾಗುತ್ತದೆ. ಗೌರವಕ್ಕೆ ಬಹುವಚನ ಹಚ್ಚುವ ನಮ್ಮ ರೂಢಿ ಅಲ್ಲಿಲ್ಲ. ಅವನು, ಅವಳು ಎರಡೂ 'ಅವರು' ಆಗಿ ಕೂಡಿಹೋಗುವುದೂ ಅಲ್ಲಿಲ್ಲ. ಹೆಂಗಸರಷ್ಟೇ ಇದ್ದರೆ ಸ್ತ್ರೀಲಿಂಗ, ಗಂಡಸೊಬ್ಬ ಸೇರಿದರೂ ಪುಲ್ಲಿಂಗ.

ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ 'ಆಂವ್' ಎಂಬ ಅನುನಾಸಿಕ ಅಂತ್ಯ. ಇದರ ಬಹುವಚನ ಮೂರು ಬಗೆ. ಲೈಲಾಂವ್ ಲೈಲೋಂಯ್ಸ್ ಆಗುತ್ತದೆ. ಪಾಂವ್ (ನಮ್ಮ ಪಾವ್) ಪಾಂಯ್ಸ್ ಆಗುತ್ತದೆ. 'ಕೈ' ಎಂಬರ್ಥದ ಮಾಂವ್ ಮಾಂವ್ಸ್ ಆಗುತ್ತದೆ. ಲ್ಯಾಟಿನ್ನಿನಲ್ಲಿ ಬೇರೆಬೇರೆಯಾಗಿದ್ದ ಮೂರು ಅಂತ್ಯಗಳು ಏಕವಚನದಲ್ಲಿ ಒಂದಾಗಿ ಕೂಡಿ, ಬಹುವಚನದಲ್ಲಿ ತಮ್ಮ ಹಳೆಯ ಗುರುತನ್ನು ಉಳಿಸಿಕೊಂಡಿವೆ. ಇವುಗಳಲ್ಲಿ 'ಓಂಯ್ಸ್' ಬಗೆಯದೇ ದೊಡ್ಡ ಗುಂಪು. ಉಳಿದೆರಡನ್ನು ಪದಪದವಾಗಿ ಕಲಿಯಬೇಕು.

ಹೆಬ್ಬಾಗಿಲು ಮತ್ತು ಪೋರ್ತಾಂವ್

'ಹಿರಿದು' ಎಂಬರ್ಥ ಸೇರಿಸಲು ಪೋರ್ಚುಗೀಸಿನಲ್ಲಿ ಬಳಕೆಯಾಗುವ ಮುಖ್ಯ ಪ್ರತ್ಯಯವೂ ಇದೇ 'ಆಂವ್'. ಪೋರ್ತಾ ಎಂದರೆ ಬಾಗಿಲು, ಪೋರ್ತಾಂವ್ ಎಂದರೆ ಹೆಬ್ಬಾಗಿಲು. ಎರಡೂ ಭಾಷೆಗಳು ಒಂದೇ ಕೆಲಸ ಮಾಡಿವೆ. ಮಾತ್ರವಲ್ಲ, ಎರಡರಲ್ಲೂ ಆ ಪದ 'ದೊಡ್ಡ ಬಾಗಿಲು' ಎಂಬಷ್ಟಕ್ಕೆ ನಿಲ್ಲದೆ ಬೇರೊಂದು ವಸ್ತುವಿನ ಹೆಸರಾಗಿದೆ. ಕೈಶಾ (ಪೆಟ್ಟಿಗೆ) ಕೈಶಾಂವ್ ಆದಾಗ ಶವಪೆಟ್ಟಿಗೆಯಾಗುತ್ತದೆ. ನಮ್ಮ ಹೆದ್ದಾರಿ, ಹೆಬ್ಬೆರಳು, ಹೆಬ್ಬಾವುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

ವ್ಯತ್ಯಾಸವಿರುವುದು ರಚನೆಯಲ್ಲಿ. ಹೆಬ್ಬಾಗಿಲಿನಲ್ಲಿ ಕೊನೆಗೆ ನಿಂತು ಪದವನ್ನು ಆಳುವುದು ಬಾಗಿಲು. 'ಹೆಬ್' ಎಂಬುದು ಮುಂದೆ ಅಂಟಿಕೊಂಡ ವಿಶೇಷಣ ಮಾತ್ರ. ಪೋರ್ತಾಂವ್‌ನಲ್ಲಿ ಕೊನೆಗೆ ನಿಂತು ಆಳುವುದು ಪ್ರತ್ಯಯ. ಅದು ತನ್ನದೇ ಲಿಂಗವನ್ನೂ ತನ್ನದೇ ಬಹುವಚನವನ್ನೂ ಹೊತ್ತು ತರುತ್ತದೆ. ಪೋರ್ತಾ ಸ್ತ್ರೀಲಿಂಗ, ಪೋರ್ತಾಂವ್ ಪುಲ್ಲಿಂಗ. ಕಾಜ಼ಾ ಸ್ತ್ರೀಲಿಂಗ, 'ದೊಡ್ಡ ಮನೆ' ಎಂಬ ಕಾಜ಼ರಾಂವ್ ಪುಲ್ಲಿಂಗ. 'ಹೆಂಗಸು' ಎಂಬ ಮುಲ್ಯೇರ್‌ಗೆ ಈ ಪ್ರತ್ಯಯ ಹತ್ತಿದರೂ ಮುಲ್ಯೆರಾಂವ್ ಎಂಬ ಪುಲ್ಲಿಂಗ ಪದ ಬರುತ್ತದೆ! ಅರ್ಥದ ಲಿಂಗವನ್ನೇ ನಂಬಿ ಕೂತವನಿಗೆ ಇಲ್ಲಿ ದಾರಿಯೇ ಇಲ್ಲ. ಇಷ್ಟೆಲ್ಲ ತೊಡಕಿನ ನಡುವೆ ಒಂದು ಲಾಭವುಂಟು: ಹಿರಿದಿನ ಪ್ರತ್ಯಯದಿಂದ ಹುಟ್ಟಿದ ಪದಗಳ ಬಹುವಚನ ಯಾವಾಗಲೂ 'ಓಂಯ್ಸ್'. ಹಾಗೆಂದು 'ಆಂವ್'ನಲ್ಲಿ ಮುಗಿಯುವುದೆಲ್ಲ ಪುಲ್ಲಿಂಗವಲ್ಲ. ಮೇಲೆ ಹೇಳಿದ ಮಾಂವ್ ಸ್ತ್ರೀಲಿಂಗ, 'ಪಾಠ' ಎಂಬ ಲಿಸಾಂವ್ ಸಹ ಸ್ತ್ರೀಲಿಂಗ.

ಕಿರಿದು ಮಾಡುವ 'ಇಞೊ, ಇಞಾ' ಪ್ರತ್ಯಯದ ಸ್ವಭಾವ ಇದಕ್ಕೆ ತಿರುವುಮುರುವು. ಅದಕ್ಕೆ ಸ್ವಂತ ಲಿಂಗವಿಲ್ಲ, ಮೂಲಪದದ ಲಿಂಗವನ್ನು ಪಡೆದುಕೊಳ್ಳುತ್ತದೆ: ಕಾಜ಼ಾ ಕಾಜ಼ಿಞಾ ಆಗಿಯೂ ಸ್ತ್ರೀಲಿಂಗ. (ಕನ್ನಡ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿರುವ ಞಕಾರಕ್ಕೆ ಇಲ್ಲಿಯಾದರೂ ಉದ್ಯೋಗ ಸಿಕ್ಕಿತು.) ಅಂತ್ಯ ನೋಡಿ ಲಿಂಗ ಹೇಳಲಾಗದ ಪದಗಳ ಲಿಂಗವನ್ನು ಈ ರೂಪ ಬಯಲು ಮಾಡುತ್ತದೆ. ಶಾವೆಯ ಲಿಂಗ ಪದದ ಅಂತ್ಯದಲ್ಲಿ ಕಾಣುವುದಿಲ್ಲ, ಶಾವೆಜ಼ಿಞಾದಲ್ಲಿ ಕಾಣುತ್ತದೆ. ಓಕಾರದ ವೇಷ ತೊಟ್ಟ ಮಾಂವ್ ಮಾಂವ್ಜ಼ಿಞಾ ಆದಾಗ ಸ್ತ್ರೀಲಿಂಗವೆಂದು ತಿಳಿದುಬರುತ್ತದೆ. ಆದರೆ ಆಕಾರಾಂತ ಪುಲ್ಲಿಂಗಗಳಲ್ಲಿ ಈ ಪರೀಕ್ಷೆಯನ್ನು ನಂಬಬಾರದು; ಪ್ರೊಬ್ಲೇಮಾ ಪುಲ್ಲಿಂಗವಾದರೂ ಪ್ರೊಬ್ಲೆಮಿಞಾ ಆಗುತ್ತದೆ. ಬಹುವಚನದಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ: ಪಾಂವ್ಜ಼ಿಞೊ (ಪುಟ್ಟ ಪಾವು) ಹಲವಾದಾಗ ಪಾಂಯ್ಜ಼ಿಞೊಸ್. ಮೂಲಪದವೂ ಪ್ರತ್ಯಯವೂ ಎರಡೂ ಬಹುವಚನವಾಗಿವೆ.

ಈ ರೂಪಗಳು ಗಾತ್ರವನ್ನಷ್ಟೇ ಹೇಳುವುದಿಲ್ಲ. ಅಕ್ಕರೆ, ಸಲಿಗೆ, ಅಸಡ್ಡೆಗಳನ್ನೂ ಹೇಳುತ್ತವೆ. ಇದನ್ನು ವಿವರಿಸಲು ಇಟಗಿಯ ಹೆಸರುಗಳೇ ಸಾಕು. ಅಲ್ಲಿ ಭೀಮಪ್ಪ, ಭೀಮವ್ವ ಎಂದರೆ ಗೌರವ. ಭೀಮ್ಯಾ, ಭೀಮಿ ಎಂದರೆ ಸಲಿಗೆ, ಕೆಲವೊಮ್ಮೆ ತಾತ್ಸಾರ. ಯಾರು ಯಾರಿಗೆ ಹೇಳಿದರು ಎಂಬುದರ ಮೇಲೆ ಅರ್ಥ ನಿಲ್ಲುತ್ತದೆ. ಜುವಾಂವ್ ಎಂಬುವನನ್ನು ಜುವಾಂವ್ಜ಼ಿಞೊ ಎಂದಾಗಲೂ ಹೀಗೆಯೇ. ಪೋರ್ಚುಗೀಸರು ಕಫೆಜ಼ಿಞೊ ಕುಡಿಯಲು ಕರೆದರೆ ಬಟ್ಟಲು ಸಣ್ಣದೆಂದು ಅರ್ಥವಲ್ಲ; 'ಒಂದೀಟು ಚಹಾ ಕುಡೀರಿ' ಎಂಬ ನಮ್ಮ ಉಪಚಾರದ ಮಾತೇ ಅದು.

ಇದೇ ಪ್ರಯತ್ನ ತಿರುಗುಮುರುಗಾಗಿ ನಾಲ್ಕು ಶತಮಾನಗಳ ಹಿಂದೆ ಗೋವೆಯಲ್ಲಿ ನಡೆದಿತ್ತು. ಇಂಗ್ಲೆಂಡಿನಿಂದ ಬಂದ ಜೆಸುಯಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ (1549–1619) ಕೊಂಕಣಿಯ ವ್ಯಾಕರಣವನ್ನು ಪೋರ್ಚುಗೀಸಿನಲ್ಲಿ ಬರೆದನು. ದಿಯೋಗು ರಿಬೇರು ಅದನ್ನು ವಿಸ್ತರಿಸಿದನು. ಅದು 1640ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಶೀರ್ಷಿಕೆಯಲ್ಲಿ ಭಾಷೆಯ ಹೆಸರು 'ಕಾನಾರಿಂ' ಎಂದಿರುವುದರಿಂದ ಅದನ್ನು ಕನ್ನಡ ವ್ಯಾಕರಣವೆಂದು ಭ್ರಮಿಸುವವರುಂಟು, ಅದು ಕೊಂಕಣಿಯದು. ಎರಡು ಲಿಂಗಗಳ ಭಾಷೆಯ ಓದುಗರಿಗೆ ಮೂರು ಲಿಂಗಗಳ ಭಾಷೆಯನ್ನು ವಿವರಿಸಬೇಕಾಗಿತ್ತು ಆ ಪುಸ್ತಕ. ಕನ್ನಡಿಗರಿಗೆ ಪೋರ್ಚುಗೀಸನ್ನು ಕನ್ನಡದಲ್ಲೇ ವಿವರಿಸುವ ಪುಸ್ತಕ ಬರೆಯುವವರು ಅದರ ರಚನೆಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಅಂಥ ಪುಸ್ತಕದ ಪದಪಟ್ಟಿಯಲ್ಲಿ ಯಾವ ನಾಮಪದವನ್ನೂ ಒಂಟಿಯಾಗಿ ಅಚ್ಚು ಹಾಕಬಾರದು. ಉಪಪದ, ಬಹುವಚನ, ಕಿರಿದಿನ ರೂಪ ಮೂರೂ ಜೊತೆಗಿರಬೇಕು: ಆ ಶಾವೆ, ಆಸ್ ಶಾವೆಸ್, ಶಾವೆಜ಼ಿಞಾ. ಮೊದಲ ಪುಟದ ಪದಗಳು ಕಲಿಯುವವರ ಮನೆಯಲ್ಲಿ ಆಗಲೇ ಇರುವಂಥವಾಗಿರಲಿ. 'ಚಾವಿ'ಯಲ್ಲಿ ನಾವು ಉಳಿಸಿಕೊಂಡಿರುವ ಚಕಾರ ಪೋರ್ಚುಗೀಸಿನ ಹಳೆಯ ಉಚ್ಚಾರಣೆ. ಅಲ್ಲಿ ಅದು ಮುಂದೆ ಶಕಾರವಾಯಿತು. ಅವರು ಕಳೆದುಕೊಂಡ ಧ್ವನಿ ನಮ್ಮಲ್ಲಿದೆ, ನಾವು ಕಳಚಿಹಾಕಿದ ಲಿಂಗ ಅವರಲ್ಲಿದೆ.