ಪ್ರತಿಕಾಯ: ಎಷ್ಟು ಎಂಬುದಷ್ಟೇ ಸಾಲದು

ಕೋವಿಡ್‌ನ ಎರಡನೇ ಅಲೆ ದೇಶವನ್ನು ನಡುಗಿಸಿದ 2021ರಲ್ಲಿ ನಮ್ಮ ಮನೆಮನೆಗಳಲ್ಲಿ ‘ಆ್ಯಂಟಿಬಾಡಿ’ ಎಂಬ ಪದ ಮಂತ್ರದಂತೆ ಕೇಳಿಬಂತು. ರೋಗಿ ಆಸ್ಪತ್ರೆಯಲ್ಲಿದ್ದರೆ, ಚೇತರಿಸಿಕೊಂಡವರ ಪ್ಲಾಸ್ಮಾಕ್ಕಾಗಿ ಬಂಧುಗಳ ಅಲೆದಾಟ; ಲಸಿಕೆ ಪಡೆದವರಿಗೆ ತಮ್ಮ ರಕ್ತದಲ್ಲಿ ಪ್ರತಿಕಾಯ ಎಷ್ಟಿದೆಯೆಂದು ತಿಳಿಯುವ ಕಾತರ. ಜೀವವಿಜ್ಞಾನ ಬೋಧಿಸುವ ನನ್ನ ಬಳಿಗೆ ಲ್ಯಾಬ್ ವರದಿ ಹಿಡಿದು ಬಂದವರ ಪ್ರಶ್ನೆ ಒಂದೇ: ‘ಸಂಖ್ಯೆ ಚೆನ್ನಾಗಿದೆ, ಇನ್ನು ಭಯವಿಲ್ಲ ತಾನೆ?’ ಪ್ರತಿಕಾಯವು ವೈರಾಣುವಿನ ಯಾವ ಭಾಗಕ್ಕೆ, ಯಾವ ಹೊತ್ತಿನಲ್ಲಿ ಅಂಟುತ್ತದೆ ಎಂಬುದನ್ನು ಅರಿಯದೆ ಸಂಖ್ಯೆಯನ್ನೇ ನಂಬಬೇಡಿ ಎಂಬುದು ಅಂದೂ ಇಂದೂ ನನ್ನ ಉತ್ತರ.

ಕೊರೊನಾ ವೈರಾಣುವಿನ ಮೈಮೇಲೆ ಮುಳ್ಳುಗಳಂತೆ ಚಾಚಿಕೊಂಡಿರುವ ಸ್ಪೈಕ್ ಪ್ರೋಟೀನು ನಮ್ಮ ಜೀವಕೋಶದ ಮೇಲಿನ ಎಸಿಇ2 ಎಂಬ ಪ್ರೋಟೀನನ್ನು ಕಚ್ಚಿಕೊಂಡಾಗ ಸೋಂಕಿಗೆ ಬಾಗಿಲು ತೆರೆಯುತ್ತದೆ. ಆ ಕಚ್ಚುವ ತುದಿಗೇ ಅಂಟುವ ಪ್ರತಿಕಾಯವು ವೈರಾಣುವನ್ನು ಹೊಸ್ತಿಲಲ್ಲೇ ತಡೆಯಬಲ್ಲದು. ವೈರಾಣುವಿನ ಒಡಲೊಳಗೆ ಆರ್‌ಎನ್‌ಎಯನ್ನು ಹೊದ್ದಿಸಿರುವ ನ್ಯೂಕ್ಲಿಯೋಕ್ಯಾಪ್ಸಿಡ್ ಪ್ರೋಟೀನಿಗೆ ಅಂಟುವ ಪ್ರತಿಕಾಯಗಳು ಹೇರಳವಾಗಿದ್ದರೂ ಆ ಪ್ರವೇಶವನ್ನು ತಡೆಯಲಾರವು.

ಕೆಲವೊಮ್ಮೆ ಪ್ರತಿಕಾಯವೇ ವೈರಾಣುವಿಗೆ ವಾಹನವಾಗುವುದೂ ಉಂಟು. ಬೆಕ್ಕುಗಳನ್ನು ಕಾಡುವ ಕೊರೊನಾ ವೈರಾಣುವಿನ ವಿರುದ್ಧ ಅದರ ಸ್ಪೈಕ್ ಪ್ರೋಟೀನನ್ನೇ ಬಳಸಿ ಲಸಿಕೆ ಹಾಕಿದ ಮರಿಗಳು, ಸೋಂಕು ತಗುಲಿಸಿದಾಗ, ಲಸಿಕೆಯಿಲ್ಲದ ಮರಿಗಳಿಗಿಂತ ಬೇಗ ಸತ್ತವೆಂದು 1990ರ ಅಧ್ಯಯನವೊಂದು ವರದಿ ಮಾಡಿತು. ಪ್ರತಿಕಾಯ ಅಂಟಿದ ವೈರಾಣುವನ್ನು ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ನುಂಗುತ್ತವೆ. ಅದು ಅಲ್ಲಿ ನಾಶವಾಗದೆ ವೃದ್ಧಿಸುತ್ತದೆ. 2020ರಲ್ಲಿ ಲಸಿಕೆ ತಯಾರಕರನ್ನು ಕಾಡಿದ ಆತಂಕಗಳಲ್ಲಿ ಇದೂ ಒಂದು. ಫೈಜರ್, ಮೊಡೆರ್ನಾ ಲಸಿಕೆಗಳಲ್ಲಿ ಸ್ಪೈಕ್‌ನ ಎರಡು ಅಮೈನೋ ಆಮ್ಲಗಳ ಜಾಗದಲ್ಲಿ ಪ್ರೋಲೀನ್ ಇರಿಸಿ, ಕೋಶದೊಳಕ್ಕೆ ನುಗ್ಗುವ ಮುನ್ನ ಅದಕ್ಕಿರುವ ಆಕಾರವನ್ನೇ ಉಳಿಸಲಾಯಿತು. ಸೋಂಕು ತಡೆಯಬಲ್ಲ ಪ್ರತಿಕಾಯಗಳು ಹೆಚ್ಚಾಗಿ ಹುಟ್ಟಲಿ ಎಂಬುದು ಇದರ ಉದ್ದೇಶ. ಕೋಟ್ಯಂತರ ಜನ ಕೋವಿಡ್ ಲಸಿಕೆಗಳನ್ನು ಪಡೆದ ಮೇಲೂ ಆ ಮರಿಗಳ ಗತಿ ಮನುಷ್ಯರಿಗೆ ಒದಗಲಿಲ್ಲ.

ಇನ್ನು ಹೊತ್ತಿನ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 39 ಆಸ್ಪತ್ರೆಗಳ 464 ರೋಗಿಗಳ ಮೇಲೆ ಪ್ಲಾಸ್ಮಾ ಚಿಕಿತ್ಸೆಯ ಪ್ರಯೋಗ ನಡೆಸಿತು. ಅದರಿಂದ ಕಾಯಿಲೆಯ ಉಲ್ಬಣವಾಗಲಿ ಸಾವಾಗಲಿ ತಗ್ಗಲಿಲ್ಲವೆಂಬ ಫಲಿತಾಂಶ 2020ರ ಅಕ್ಟೋಬರ್‌ನಲ್ಲೇ ಪ್ರಕಟವಾಯಿತು. ಆ ರೋಗಿಗಳಲ್ಲಿ ಬಹುಪಾಲು ಮಂದಿಯ ದೇಹದಲ್ಲಿ ಅದಾಗಲೇ ಸ್ವಂತ ಪ್ರತಿಕಾಯಗಳಿದ್ದವು. ಆದರೂ ಚಿಕಿತ್ಸಾ ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ಕೈಬಿಟ್ಟದ್ದು 2021ರ ಮೇ ತಿಂಗಳಲ್ಲಿ. ಆ ನಡುವಿನ ತಿಂಗಳುಗಳಲ್ಲಿ ಎಷ್ಟು ಕುಟುಂಬಗಳು ದಾನಿಗಳಿಗಾಗಿ ಊರೂರು ಅಲೆದವೋ, ‘ಪ್ಲಾಸ್ಮಾ ಸಿಕ್ಕಿದ್ದರೆ ಉಳಿಯುತ್ತಿದ್ದರು’ ಎಂಬ ಕೊರಗನ್ನು ಎಷ್ಟು ಮಂದಿ ಇಂದಿಗೂ ಹೊತ್ತಿದ್ದಾರೋ, ಲೆಕ್ಕವಿಟ್ಟವರಿಲ್ಲ.

2021ರ ನವೆಂಬರ್‌ನಲ್ಲಿ ಗುರುತಿಸಲಾದ ಓಮೈಕ್ರಾನ್ ಮತ್ತೊಂದು ಪಾಠ ಕಲಿಸಿತು. ಅದರ ಸ್ಪೈಕ್‌ನಲ್ಲಿ ಮೂವತ್ತಕ್ಕೂ ಹೆಚ್ಚು ಬದಲಾವಣೆಗಳಾಗಿದ್ದವು. ಹಳೆಯ ರೂಪಕ್ಕೆ ಹೊಂದುತ್ತಿದ್ದ ಅನೇಕ ಪ್ರತಿಕಾಯಗಳಿಗೆ ಹಿಡಿತ ತಪ್ಪಿತು. ಪ್ರಯೋಗಾಲಯದಲ್ಲಿ ತಯಾರಿಸಿದ ದುಬಾರಿ ಪ್ರತಿಕಾಯ ಔಷಧಗಳಲ್ಲಿ ಹಲವು ನಿಷ್ಪ್ರಯೋಜಕವಾದವು. ಹಾಗಿದ್ದೂ ಲಸಿಕೆ ಪಡೆದವರಲ್ಲಿ ಗಂಭೀರ ಕಾಯಿಲೆ ಕಡಿಮೆಯೇ ಇತ್ತು. ಇದರಲ್ಲಿ ಟಿ ಕೋಶಗಳ ಪಾತ್ರ ದೊಡ್ಡದು. ಪ್ರತಿಕಾಯದ ವರದಿಯಲ್ಲಿ ಆ ಕೋಶಗಳ ಸುಳಿವೇ ಇರುವುದಿಲ್ಲ.

ಮುಂದೊಂದು ದಿನ ಬೇರೊಂದು ಸಾಂಕ್ರಾಮಿಕ ಬಂದೀತು. ಆಗ ಪ್ರಯೋಗಾಲಯದ ವರದಿಯು ಸಂಖ್ಯೆಯ ಜೊತೆಗೆ, ಅದು ಯಾವ ಪ್ರೋಟೀನಿನ ವಿರುದ್ಧದ ಪ್ರತಿಕಾಯ, ಅದರಿಂದ ಏನನ್ನು ಹೇಳಲಾಗದು ಎಂಬುದನ್ನೂ ಜನರ ಭಾಷೆಯಲ್ಲಿ ತಿಳಿಸಬೇಕು. ಸರ್ಕಾರವು ತನ್ನದೇ ವಿಜ್ಞಾನಿಗಳ ಫಲಿತಾಂಶವನ್ನು ತಿಂಗಳುಗಟ್ಟಲೆ ಕಾಯಿಸದೆ ಆಸ್ಪತ್ರೆಯ ಹಾಸಿಗೆಯವರೆಗೂ ತಲುಪಿಸಬೇಕು. ವಿಜ್ಞಾನ ತಿಳಿದುಕೊಂಡದ್ದು ರೋಗಿಯ ಮನೆಯವರಿಗೆ ತಿಳಿಯದಿದ್ದರೆ, ಅವರು ದುಡ್ಡಿನ ಜೊತೆಗೆ ನೆಮ್ಮದಿಯನ್ನೂ ಕಳೆದುಕೊಳ್ಳುತ್ತಾರೆ.