ಜೀರ್ಣವಾದ ಮರಗೆಲಸದ ಉದ್ಧಾರ

ಹಳೆಯದನ್ನು ಕೆಡಹಿ ಹೊಸದನ್ನು ಕಟ್ಟುವುದು ಸುಲಭ. ಹಳೆಯದನ್ನು ಹಳೆಯದಾಗಿಯೇ ಉಳಿಸುವುದು ಕಷ್ಟ. ಬ್ರಿಟನ್ನಿನ ಪುರಾತನ ಸೌಧಗಳಲ್ಲಿ ಓಕ್ ಮರದ ಕೆಲಸವನ್ನು ದುರಸ್ತು ಮಾಡುವ ಕ್ರಮವನ್ನು ನೋಡಿದರೆ ಈ ಮಾತು ವಾಚಕರಿಗೆ ವಿಶದವಾಗುವುದು.

ಶೀತಪ್ರಧಾನವಾದ ಆ ದೇಶದಲ್ಲಿ ಶ್ರೀಮಂತರು ಕಲ್ಲುಗೋಡೆಯ ಚಳಿಯನ್ನು ತಡೆಯಲು ಒಳಮೈಗೆ ಓಕ್ ಹಲಗೆಗಳನ್ನು ಹೊದಿಸುತ್ತಿದ್ದರು. ಹದಿನಾರನೆಯ ಶತಮಾನದಲ್ಲಿ ಅವುಗಳ ಮೇಲೆ ಮಡಿಸಿದ ನಾರುಬಟ್ಟೆಯ ನೆರಿಗೆಗಳಂತೆ ಕೆತ್ತುವುದೂ ವಾಡಿಕೆಯಾಗಿದ್ದಿತು. ಹಲಗೆಯನ್ನು ಚೌಕಟ್ಟಿನ ತೋಡಿನಲ್ಲಿ ಸುಮ್ಮನೆ ಕೂರಿಸುವರೇ ಹೊರತು ಅಂಟು ಹಾಕುವುದಿಲ್ಲ. ಮರವು ತೇವದಲ್ಲಿ ಹಿಗ್ಗಿ ಒಣಹವೆಯಲ್ಲಿ ಕುಗ್ಗುವುದು. ಅದಕ್ಕೆ ಎಡೆಯಿಲ್ಲದಿದ್ದರೆ ಸೀಳುವುದು. ಬಿಗಿಯಾಗಲೆಂದು ಅಂಟು ಬಳಿದವನು ಹಲಗೆಯನ್ನು ಕೆಡಿಸಿದಂತೆಯೇ ಸರಿ. ಕಬ್ಬಿಣದ ಮೊಳೆಯೂ ಸಲ್ಲದು. ಓಕ್ ಮರದಲ್ಲಿ ಒಗರು ಹೆಚ್ಚು. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿದರೆ ಮಸಿಯಾಗುವಂತೆ, ತೇವ ತಗುಲಿದರೆ ಮೊಳೆಯ ಸುತ್ತ ಮರವು ಕಪ್ಪಾಗುವುದು. ಆದುದರಿಂದ ಚೌಕಟ್ಟಿನ ಸಂದುಗಳನ್ನು ಓಕ್ ಗೂಟಗಳಿಂದಲೇ ಬಂಧಿಸುವರು.

ಈ ಮರಕ್ಕೆ ಪರಮಶತ್ರುವೆಂದರೆ ಒಂದು ಸಣ್ಣ ದುಂಬಿ. ವಸಂತದಲ್ಲಿ ಅದು ಸಂಗಾತಿಯನ್ನು ಕರೆಯಲು ತಲೆಯನ್ನು ಮರಕ್ಕೆ ಬಡಿದು ಟಕಟಕನೆ ಸದ್ದು ಮಾಡುವುದು. ರೋಗಿಯ ಬಳಿ ರಾತ್ರಿ ಎಚ್ಚತ್ತು ಕುಳಿತವರು ಇದನ್ನು ಕೇಳಿ ಮೃತ್ಯುಸೂಚನೆಯೆಂದು ನಡುಗುತ್ತಿದ್ದುದರಿಂದ ಅದಕ್ಕೆ 'ಡೆತ್ ವಾಚ್' ಎಂಬ ಹೆಸರು ಬಂದಿತು. ಇದರ ಮರಿಹುಳು ಮರದೊಳಗೆ ಕೊರೆಯುತ್ತ ಹಲವು ವರ್ಷ ಅಡಗಿರಬಲ್ಲದು. ತೇವದಿಂದ ಬೂಷ್ಟು ಹಿಡಿದ ಓಕ್ ಅದಕ್ಕೆ ಬಲು ಪ್ರಿಯ. ಆದಕಾರಣ ಬಲ್ಲವರು ಮೊದಲ ಚಿಕಿತ್ಸೆಯನ್ನು ಮಾಡುವುದು ಮರಕ್ಕಲ್ಲ, ಸೋರುವ ಮಾಡಿಗೆ.

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಭಾಂಗಣವೇ ಇದಕ್ಕೆ ನಿದರ್ಶನ. ಎರಡನೆಯ ರಿಚರ್ಡ್ ದೊರೆಗಾಗಿ ಹ್ಯೂ ಹರ್ಲೆಂಡ್ ಎಂಬ ಬಡಗಿಯು 1393ರಲ್ಲಿ ಆರಂಭಿಸಿದ ಅದರ ಓಕ್ ಮಾಡು ನಡುವೆ ಒಂದು ಕಂಬವೂ ಇಲ್ಲದೆ ಸುಮಾರು 68 ಅಡಿ ಅಗಲಕ್ಕೆ ಹರಡಿದೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಪರೀಕ್ಷಿಸಿದಾಗ ತೊಲೆಗಳನ್ನು ಈ ದುಂಬಿ ಟೊಳ್ಳುಮಾಡಿದ್ದುದು ಕಂಡಿತು. 1914ರಿಂದ 1923ರವರೆಗೆ ಫ್ರಾಂಕ್ ಬೇನ್ಸ್ ಎಂಬವರ ನೇತೃತ್ವದಲ್ಲಿ ನಡೆದ ಕಾರ್ಯದಲ್ಲಿ ಉಕ್ಕಿನ ಆಧಾರವನ್ನು ಕಣ್ಣಿಗೆ ಬೀಳದಂತೆ ಸೇರಿಸಿ, ಹಳೆಯ ಮರವನ್ನು ಆದಷ್ಟು ಉಳಿಸಿಕೊಂಡರು.

ಸುಟ್ಟು ಬೂದಿಯಾದುದನ್ನು ಉಳಿಸುವ ಬಗೆ ಹೇಗೆ? 1992ರ ನವೆಂಬರ್ 20ರಂದು ವಿಂಡ್ಸರ್ ಕೋಟೆಗೆ ಬೆಂಕಿ ಬಿದ್ದು ಸೇಂಟ್ ಜಾರ್ಜ್ ಸಭಾಂಗಣದ ಮಾಡು ನಾಶವಾಯಿತು. ಅಲ್ಲಿ ಹಿಂದಿನದರ ನಕಲನ್ನು ಮಾಡದೆ, ಹಸಿ ಓಕ್ ಮರದಿಂದ ಮಧ್ಯಯುಗದ ಬಡಗಿಗಳ ಕ್ರಮದಲ್ಲಿ ಹೊಸ ಮಾಡನ್ನು ಕಟ್ಟಿದರು. ಕೋಟೆಯ ಕಾರ್ಯವು 1997ರಲ್ಲಿ ಮುಗಿಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ದುರಸ್ತಿಯ ಹೆಸರಿನಲ್ಲಿ ಹಳೆಯ ದೇವಾಲಯಗಳ ಮೈಯನ್ನು ಹೆರೆದು ಹೊಸತರಂತೆ ಮಾಡುವ ಚಾಳಿ ಅಲ್ಲಿ ಹಬ್ಬಿತ್ತು. ಇದನ್ನು ವಿರೋಧಿಸಿ ವಿಲಿಯಂ ಮಾರಿಸ್ ಮುಂತಾದವರು 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘವನ್ನು ಸ್ಥಾಪಿಸಿದರು. ನಮ್ಮ 'ಜೀರ್ಣೋದ್ಧಾರ' ಪದದ ಅರ್ಥವೂ ಇದೇ ಅಲ್ಲವೆ? ಜೀರ್ಣವಾದುದನ್ನು ಮೇಲೆತ್ತಬೇಕು; ಅದರ ವಯಸ್ಸನ್ನು ಅಳಿಸಬಾರದು. ಹಿರಿಯರ ಕಾಲದ ಮರದ ಪೆಟ್ಟಿಗೆಯುಳ್ಳ ಗೃಹಸ್ಥರು ಹೊಳಪಿಗಾಗಿ ಅದನ್ನು ಹೆರೆಯುವ ಮುನ್ನ, ತೇವ ಎಲ್ಲಿಂದ ಬರುತ್ತಿದೆಯೆಂದು ನೋಡಲಿ; ಕೊಳೆತ ಅಂಗುಲವನ್ನು ಮಾತ್ರ ತೆಗೆದು ಅದೇ ಜಾತಿಯ ಮರವನ್ನು ಕೂಡಿಸಲಿ; ಉಳಿದುದಕ್ಕೆ ಮೆತ್ತನೆಯ ಬಟ್ಟೆಯೂ ಕೊಂಚ ಜೇನುಮೇಣವೂ ಸಾಕು.