ಚೀಕಲಪರ್ವಿಯ ದಾಸಪ್ಪ ಹಿಡಿದ ಕಸುಬು

‘ನಾನು ಫ್ರೀಲಾನ್ಸರ್, ಕ್ರಿಯೇಟಿವ್ ಕನ್ಸಲ್ಟೆಂಟ್’ ಎಂದು ಪರಿಚಯ ಹೇಳಿಕೊಳ್ಳುವ ಹುಡುಗ ಹುಡುಗಿಯರು ಈಗ ಜಿಲ್ಲಾ ಕೇಂದ್ರಗಳಲ್ಲೂ ಸಿಗುತ್ತಾರೆ. ಸಂಬಳ ಕೊಡುವ ಧಣಿ ಇಲ್ಲ, ಕುರ್ಚಿ ಹಾಕಿದ ಕಚೇರಿ ಇಲ್ಲ, ಹೆಸರೊಂದೇ ಬಂಡವಾಳ. ಇವತ್ತು ಒಬ್ಬರಿಗೆ ಹಾಡು, ನಾಳೆ ಇನ್ನೊಬ್ಬರಿಗೆ ಮಾತು, ನಾಡಿದ್ದು ಖಾಲಿ. ಮನೆಯಲ್ಲಿ ಮಾತ್ರ ಒಂದೇ ರಾಗ: ‘ಎಲ್ಲಾದ್ರೂ ಒಂದು ನೌಕರಿ ನೋಡ್ಕೋಬಾರ್ದೇನಪ್ಪ?’ ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ ಮುನ್ನೂರು ವರ್ಷಗಳ ಹಿಂದೆ ದಾಸಪ್ಪ ಎಂಬ ಬಡವರ ಮನೆಯ ಹುಡುಗನೂ ಇಂಥದೇ ಮಾತು ಕೇಳಿಸಿಕೊಂಡಿರಬೇಕು.

ದಾಸಪ್ಪ ಎಂದರೆ ಮುಂದೆ ವಿಜಯದಾಸರು. ಅವರು ಮಾಡಿದ್ದನ್ನು ಕಸುಬು ಎಂದದ್ದಕ್ಕೆ ಭಕ್ತರು ಬೇಸರಿಸಬಾರದು. ಅವರದು ಹೊಟ್ಟೆಪಾಡಲ್ಲ, ವೈರಾಗ್ಯ ಎಂಬುದರಲ್ಲಿ ತಕರಾರಿಲ್ಲ. ಆದರೆ ಆರತಿ ಎತ್ತುವ ಭರದಲ್ಲಿ ಅವರು ಕೆಲಸ ಮಾಡಿದ ರೀತಿಯನ್ನು ನಾವು ಸರಿಯಾಗಿ ನೋಡಲೇ ಇಲ್ಲ ಅನ್ನಿಸುತ್ತದೆ.

ಊರು ತುಂಗಭದ್ರೆಯ ದಂಡೆಯ ಮೇಲಿದೆ. ಅಶ್ವತ್ಥ ನರಸಿಂಹನ ಗುಡಿ, ದಾಸರ ಕಟ್ಟೆ, ಹೊಳೆ: ಯಾತ್ರಿಕರು ನೋಡುವುದು ಇಷ್ಟೇ. ಪರಂಪರೆಯ ಪ್ರಕಾರ ದಾಸಪ್ಪ ಹುಟ್ಟಿದ್ದು 1682ರಲ್ಲಿ. ತಂದೆ ಶ್ರೀನಿವಾಸಪ್ಪ, ತಾಯಿ ಕೂಸಮ್ಮ. ಹುಡುಗನಿಗೆ ನಾಲ್ಕು ವರ್ಷವಾಗುವಷ್ಟರಲ್ಲಿ, 1686ರಲ್ಲಿ, ಬಿಜಾಪುರ ಔರಂಗಜೇಬನ ಪಾಲಾಯಿತು. ಪುರಂದರದಾಸರು, ಕನಕದಾಸರು ಹಾಡುವಾಗ ವ್ಯಾಸರಾಯರಿದ್ದರು, ವ್ಯಾಸರಾಯರ ಬೆನ್ನಿಗೆ ವಿಜಯನಗರವಿತ್ತು. 1565ರ ಯುದ್ಧದ ನಂತರ ಆ ಆಸರೆ ಹೋಯಿತು. ಆಮೇಲೆ ನೂರು ವರ್ಷಕ್ಕೂ ಮಿಕ್ಕಿ ದಾಸರ ಹಾಡಿನ ದನಿ ಸಣ್ಣದಾಗಿಯೇ ಉಳಿಯಿತು. ಹಸಿವಿಗೆ ಊರು ಬಿಟ್ಟ ದಾಸಪ್ಪ ಕಾಶಿಗೆ ಹೋಗಿ ಓದಿದರು, ಮರಳಿ ಬಂದು ಅರಳಮ್ಮನವರನ್ನು ಮದುವೆಯಾದರು, ಓದು ಹೊಟ್ಟೆ ತುಂಬಿಸಲಿಲ್ಲ. ಕೊನೆಗೆ ಕನಸಿನಲ್ಲಿ ಪುರಂದರದಾಸರೇ ಬಂದು ‘ವಿಜಯ ವಿಠಲ’ ಎಂಬ ಅಂಕಿತ ಕೊಟ್ಟರು ಎನ್ನುತ್ತದೆ ಪರಂಪರೆ. ಗುರು ತೀರಿಹೋಗಿ ಒಂದೂವರೆ ಶತಮಾನ ಕಳೆದಿದ್ದ ಕಾಲ ಅದು. ಕನಸಲ್ಲದೆ ಬೇರೆ ದಾರಿಯೂ ಇರಲಿಲ್ಲ!

ಸಲಕರಣೆ ಅಂದರೆ ತಂಬೂರಿ, ಚಿಟಿಕೆ, ಕಾಲಿಗೆ ಗೆಜ್ಜೆ, ಹೆಗಲಿಗೆ ಗೋಪಾಳಬುಟ್ಟಿ. ಬೆಳಿಗ್ಗೆ ಹಾಡುತ್ತ ಮನೆ ಮನೆ ಮುಂದೆ ಹೋಗುವುದು, ಬಿದ್ದ ಕಾಳಿನಲ್ಲಿ ಆ ದಿನದ ಅಡುಗೆ. ನಾಳೆಗೆಂದು ಕೂಡಿಡುವ ಹಾಗಿಲ್ಲ. ಅರಮನೆಗಾಗಿ ಹಾಡುವವನು ಅರಸನ ಮುಖ ನೋಡಬೇಕು. ಮನೆಬಾಗಿಲಲ್ಲಿ ಹಾಡುವವನು ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸಿನ ಕಿವಿಗೆ ತಲುಪಬೇಕು. ದ್ವೈತದ ತಾರತಮ್ಯ, ಪಂಚಭೇದದಂಥ ಕಠಿಣ ಸಂಗತಿಗಳನ್ನು ಈ ಪಂಥ ಕನ್ನಡದಲ್ಲಿ ಬಿಡಿಸಿ ಹೇಳಿದ್ದರ ಹಿಂದೆ ಈ ಬೀದಿ ಸುತ್ತಾಟವಿದೆ.

ವಿಜಯದಾಸರ ಕೈ ಪಳಗಿದ್ದು ಸುಳಾದಿಯಲ್ಲಿ. ಪದದಂತೆ ಪಲ್ಲವಿಗೆ ಮರಳುವ ರಚನೆಯಲ್ಲ ಅದು. ಒಂದೊಂದು ನುಡಿಗೆ ಒಂದೊಂದು ತಾಳ. ಧ್ರುವದಲ್ಲಿ ಹದಿನಾಲ್ಕು ಅಕ್ಷರಗಳ ಉದ್ದದ ನಡಿಗೆ ಹಿಡಿದು, ಮಟ್ಯಕ್ಕೆ ಬಂದು ಹತ್ತಕ್ಕೆ ಇಳಿದು, ತ್ರಿಪುಟದಲ್ಲಿ ಏಳಕ್ಕೆ ಬಿಗಿಯಾಗಿ, ಮತ್ತೆ ಅಟ್ಟತಾಳದಲ್ಲಿ ಹದಿನಾಲ್ಕಕ್ಕೆ ಹಬ್ಬುತ್ತದೆ. ಕೊನೆಗೆ ‘ಜತೆ’ ಎಂಬ ಎರಡೇ ಸಾಲಿನಲ್ಲಿ ಇಡೀ ವಾದಕ್ಕೆ ಗಂಟು ಹಾಕಬೇಕು. ಪ್ರತಿ ನುಡಿಯ ಕೊನೆಗೂ ಅಂಕಿತ ಬರಬೇಕು. ವಿಷಯವೊಂದನ್ನು ಎತ್ತಿಕೊಂಡು ಹಂತ ಹಂತವಾಗಿ ವಾದಿಸುವುದಕ್ಕೆ ಇಷ್ಟು ಹೊಂದುವ ಇನ್ನೊಂದು ಹಾಡಿನ ರೂಪ ಕನ್ನಡದಲ್ಲಿ ಇದೆಯೇ? ನನಗಂತೂ ಹೊಳೆಯುತ್ತಿಲ್ಲ. ಸಂಗೀತ ಪಾಠಕ್ಕೆ ಹೋಗುವ ಮಕ್ಕಳು ಅಲಂಕಾರ ಹಾಡುತ್ತ ತೊಡೆ ತಟ್ಟಿ ಎಣಿಸುವ ಏಳು ತಾಳಗಳಿಗೆ ಇಂದಿಗೂ ಸುಳಾದಿ ಸಪ್ತತಾಳ ಎಂದೇ ಹೆಸರು. ಪುರಂದರದಾಸರ ನಾಲ್ಕು ಲಕ್ಷ ಎಪ್ಪತ್ತೈದು ಸಾವಿರಕ್ಕೆ ಉಳಿದ ಇಪ್ಪತ್ತೈದು ಸಾವಿರ ಸೇರಿಸಿ ಐದು ಲಕ್ಷ ಮಾಡಿದವರು ವಿಜಯದಾಸರು ಎಂಬುದು ನಂಬಿಕೆಯ ಲೆಕ್ಕ. ಕೈಗೆ ಸಿಕ್ಕಿರುವುದು ಅದರಲ್ಲೊಂದು ಸಣ್ಣ ಪಾಲು. ಆ ಪಾಲಿನಲ್ಲೇ ದುರ್ಗಾ ಸುಳಾದಿ, ನರಸಿಂಹ ಸುಳಾದಿಗಳಿವೆ. ತಾವು ಮೆಟ್ಟಿದ ಕ್ಷೇತ್ರಗಳ ಮೇಲೆ ಕಟ್ಟಿದ ಸುಳಾದಿಗಳಿವೆ.

ಇಷ್ಟೇ ಆಗಿದ್ದರೆ ಅವರು ಬಹಳ ಬರೆದ ಇನ್ನೊಬ್ಬ ಕವಿ ಅಷ್ಟೆ. ನಾನು ಈ ಲೇಖನಕ್ಕೆ ಕೈ ಹಾಕಿದ್ದು ಅವರ ಇನ್ನೊಂದು ಅಭ್ಯಾಸಕ್ಕಾಗಿ. ಅವರು ಶಿಷ್ಯರನ್ನು ಹಿಮ್ಮೇಳಕ್ಕೆ ಇಟ್ಟುಕೊಳ್ಳಲಿಲ್ಲ. ಅಂಕಿತ ಕೊಟ್ಟು ಹೊರಗೆ ಕಳಿಸಿದರು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಭಾಗಣ್ಣ ‘ಗೋಪಾಲ ವಿಠಲ’ ಆದರು. ಕಲ್ಲೂರು ಸುಬ್ಬಣ್ಣಾಚಾರ್ಯರು ‘ವ್ಯಾಸ ವಿಠಲ’. ಸಾಕುಮಗ ಮೋಹನ ‘ಮೋಹನ ವಿಠಲ’. ಹಿಂದಿನ ಹೆಸರು ಅವರವರದು, ಮುಂದಿನ ವಿಠಲ ಎಲ್ಲರದು. ಸಹಿ ಸ್ವಂತದ್ದು, ಮನೆತನ ಒಂದೇ. ಇವತ್ತಿನ ಕಂಪನಿಗಳು ಲಕ್ಷಗಟ್ಟಲೆ ಸುರಿದು ಮಾಡಿಸುವ ಏರ್ಪಾಡನ್ನು ಕಾಳಿನ ಬುಟ್ಟಿ ಹೊತ್ತವರು ಮಾಡಿ ಮುಗಿಸಿದ್ದರು.

ಮಾನ್ವಿಯ ಕಥೆ ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಆದರೂ ಇನ್ನೊಮ್ಮೆ ಹೇಳಬೇಕು. ಬ್ಯಾಗವಟ್ಟಿನ ಶ್ರೀನಿವಾಸಾಚಾರ್ಯರು ಸಂಸ್ಕೃತದ ದೊಡ್ಡ ಪಂಡಿತರು, ಮಾನ್ವಿಯಲ್ಲಿದ್ದರು. ಊರಿಗೆ ಬಂದ ವಿಜಯದಾಸರು ಪ್ರಸಾದಕ್ಕೆ ಬರಬೇಕೆಂದು ಹೇಳಿ ಕಳಿಸಿದರು. ಕನ್ನಡದಲ್ಲಿ ಹಾಡಿ ಕುಣಿಯುವವರ ಪಂಕ್ತಿಯಲ್ಲಿ ಕೂರುವುದೇ? ‘ಹೊಟ್ಟಿ ಬ್ಯಾನಿ ಅದ, ಹೊತ್ತಿಗೆ ಊಟ ಆಗ್ಬೇಕು, ಬರ್ಲಿಕ್ಕಾಗಂಗಿಲ್ಲ’ ಅಂದುಬಿಟ್ಟರಂತೆ ಆಚಾರ್ಯರು. ಆಡಿದ ನೆವ ನಿಜವಾಯಿತು. ಹೊಟ್ಟೆನೋವು ಹಿಡಿದು ಹಣ್ಣು ಮಾಡಿತು. ಯಾವ ಔಷಧಿಯೂ ನಾಟಲಿಲ್ಲ. ಮಂತ್ರಾಲಯದಲ್ಲಿ ಸೇವೆ ಮಾಡಿದಾಗ, ಯಾರನ್ನು ಕಡೆಗಣಿಸಿದೆಯೋ ಅವರ ಕಾಲಿಗೇ ಹೋಗು ಎಂದು ಅಪ್ಪಣೆಯಾಯಿತು. ಹೋದರು. ವಿಜಯದಾಸರು ಏನು ಮಾಡಿದರು? ಮನ್ನಿಸಿದರು, ಆದರೆ ಶಿಷ್ಯನನ್ನಾಗಿ ತಾವೇ ಇಟ್ಟುಕೊಳ್ಳಲಿಲ್ಲ. ‘ಉತ್ತನೂರಾಗ ನಮ್ಮ ಗೋಪಾಲದಾಸ ಇದ್ದಾನ, ಅವನ ಹತ್ತಿರ ಹೋಗು’ ಎಂದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಘಟ್ಟ. ಮಾನ್ವಿಯ ಅಷ್ಟು ದೊಡ್ಡ ವಿದ್ವಾಂಸ ತಲೆ ಬಾಗಿಸಿ ಬಂದಾಗ, ತನಗಿಂತ ನಲವತ್ತು ವರ್ಷ ಚಿಕ್ಕವನಾದ ಶಿಷ್ಯನ ಕಡೆಗೆ ದಾಟಿಸುವುದಕ್ಕೆ ಎಂಥ ಎದೆ ಬೇಕು! ಗೋಪಾಲದಾಸರು ರೋಗಿಯ ಕೈಗೆ ಜೋಳದ ರೊಟ್ಟಿ ಕೊಟ್ಟು ತಿನ್ನು ಅಂದರು, ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಧಾರೆ ಎರೆದರು ಎನ್ನುತ್ತಾರೆ. ಗೋಪಾಲದಾಸರು 1762ರಲ್ಲಿ, ನಲವತ್ತರ ಆಸುಪಾಸಿನಲ್ಲಿ ತೀರಿಕೊಂಡರು. ಆಚಾರ್ಯರು 1809ರವರೆಗೆ, ಎಂಬತ್ತು ದಾಟಿ ಬಾಳಿದರು. ಚರಿತ್ರೆಯವರು ಒಪ್ಪಲಿ ಬಿಡಲಿ, ಲೆಕ್ಕ ಕೂಡುತ್ತದೆ. ಆ ಆಚಾರ್ಯರೇ ಪಂಢರಪುರದ ಚಂದ್ರಭಾಗಾ ಹೊಳೆಯಲ್ಲಿ ‘ಜಗನ್ನಾಥ ವಿಠಲ’ ಅಂಕಿತ ಪಡೆದು ಜಗನ್ನಾಥದಾಸರಾದರು, ಭಾಮಿನಿ ಷಟ್ಪದಿಯಲ್ಲಿ ಹರಿಕಥಾಮೃತಸಾರ ಬರೆದರು. ಕನ್ನಡವೆಂದರೆ ಮೂಗು ಮುರಿದಿದ್ದವರಿಂದಲೇ ದಾಸಸಾಹಿತ್ಯದ ಶಾಸ್ತ್ರಗ್ರಂಥ ಬಂತು.

ಹೀಗೆ ಚೀಕಲಪರ್ವಿ, ಮೊಸರಕಲ್ಲು, ಬ್ಯಾಗವಟ್ಟು, ಆಚೆಗೆ ಪ್ರಾಣೇಶದಾಸರ ಲಿಂಗಸುಗೂರು. ನಕಾಶೆಯಲ್ಲಿ ಒಂದು ಅಂಗೈ ಅಗಲದ ಜಾಗ. ಒಂದು ಆಸ್ಥಾನವಿಲ್ಲದೆ, ಒಬ್ಬ ಪೋಷಕನ ಹಂಗಿಲ್ಲದೆ ದಾಸಸಾಹಿತ್ಯದ ಎರಡನೆಯ ಬೆಳೆ ಬಂದದ್ದು ಈ ಎರೆಹೊಲಗಳ ನಡುವೆ. ವಿಜಯದಾಸರು ಕೊನೆಯ ದಿನಗಳನ್ನು ಕಳೆದದ್ದು ಇಂದು ಆಂಧ್ರದ ಕರ್ನೂಲು ಜಿಲ್ಲೆಗೆ ಸೇರಿದ ಚಿಪ್ಪಗಿರಿಯಲ್ಲಿ. 1755ರ ಕಾರ್ತಿಕ ಶುದ್ಧ ದಶಮಿಯಂದು ಅಲ್ಲಿಯೇ ತೀರಿಕೊಂಡರು. ಆರಾಧನೆ ಈಗಲೂ ಅದೇ ತಿಥಿಗೆ.

ಇನ್ನು ಹಾಡುಗಳ ಗತಿ. 1850ರಲ್ಲಿ ಮಂಗಳೂರಿನಲ್ಲಿ ಮೊಗ್ಲಿಂಗ್ ದಾಸರ ಪದಗಳನ್ನು ಮೊದಲಿಗೆ ಅಚ್ಚು ಮಾಡಿಸಿದ. ಈ ಸೀಮೆಯ ದಾಸರ ಮಟ್ಟಿಗೆ ದೊಡ್ಡ ದುಡಿಮೆ ಲಿಂಗಸುಗೂರಿನ ಗೊರೆಬಾಳ ಹನುಮಂತರಾಯರದು. ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಹೆಸರಿನಲ್ಲಿ ಹಸ್ತಪ್ರತಿಗಳನ್ನು ಹುಡುಕಿ ತಂದು ಪುಸ್ತಕ ಮಾಡಿದರು. ಅವರನ್ನು ನೆನೆಯುವವರು ಕಡಿಮೆ. ಇತ್ತೀಚೆಗೆ ಜಗನ್ನಾಥದಾಸರ ಮೇಲೆ, ವಿಜಯದಾಸರ ಮೇಲೆ ಸಿನಿಮಾಗಳೂ ಬಂದಿವೆ, ಒಳ್ಳೆಯದೇ. ಆದರೆ ಸುಳಾದಿಯನ್ನು ತಾಳ ಬದಲಿಸುತ್ತ ಹಾಡುವವರು ಎಷ್ಟು ಜನ ಉಳಿದಿದ್ದಾರೆ? ಹೆಚ್ಚಿನ ಕಡೆ ಅದು ಪಾರಾಯಣವಾಗಿ, ಒಂದೇ ಏರಿಳಿತದಲ್ಲಿ ಓದಿ ಮುಗಿಸುವ ಪಾಠವಾಗಿದೆ. ಮಾತು ಉಳಿಯಿತು, ಧಾಟಿ ಸವೆಯಿತು. ಅದನ್ನು ಸ್ವಲ್ಪವಾದರೂ ಉಳಿಸಿದವರು ಮನೆಯ ಅಜ್ಜಿಯಂದಿರು, ಭಜನಾ ಮಂಡಳಿಯ ಹೆಂಗಸರು. ಅವರಲ್ಲಿ ಅನೇಕರು ಹಾಡನ್ನು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡವರು. ಪಕ್ಕದಲ್ಲಿ ರಾಗದ ಹೆಸರು, ಎಲ್ಲಿ ನಿಲ್ಲಬೇಕೆಂಬುದಕ್ಕೆ ಒಂದು ಗೆರೆ.

ರಾಯಚೂರು, ಮಾನ್ವಿ, ದೇವದುರ್ಗದ ಓದುಗರಲ್ಲಿ ಒಂದು ಕೋರಿಕೆ. ಮನೆ ಖಾಲಿ ಮಾಡುವಾಗ, ಅಟ್ಟ ಗುಡಿಸುವಾಗ ಅಂಥ ನೋಟುಬುಕ್ಕು ಸಿಕ್ಕರೆ ರದ್ದಿಗೆ ಹಾಕಬೇಡಿ. ಪುಟ ಪುಟವನ್ನೂ ಫೋನಿನಲ್ಲಿ ಫೋಟೊ ತೆಗೆದು ಹತ್ತಿರದ ಕಾಲೇಜಿನ ಕನ್ನಡ ವಿಭಾಗಕ್ಕೆ ತಲುಪಿಸಿ. ಬರೆದ ಅಜ್ಜಿ ಇನ್ನೂ ಇದ್ದರೆ ಮೊದಲು ಹಾಡಿಸಿ, ರೆಕಾರ್ಡ್ ಮಾಡಿಕೊಳ್ಳಿ.